ಕುಸ್ತಿ, ಸೈಕ್ಲಿಂಗ್‌ಗೆ ಇಳಿದ ಮಕ್ಕಳ ಮನೆಯವರಿಗೆ: ತೂಕ, ತಾಸು, ರೊಕ್ಕ, ಮಾತು ಹಿಡಿತದಲ್ಲಿಡುವ ಬಗೆ

ತಾಲ್ಲೂಕು ಮಟ್ಟದಲ್ಲಿ ಮಗ ಗೆದ್ದು ಬಂದ ವಾರವೇ ಊರ ಅಗಸಿಗೆ ಫ್ಲೆಕ್ಸ್ ಏರುತ್ತದೆ. ಅಲ್ಲಿಯ ತನಕ ಶಾಲೆ ಬಿಟ್ಟ ಮೇಲೆ ಗರಡಿಮನೆಗೆ ಹೋಗಿ ಮೈತುಂಬ ಮಣ್ಣು ಮೆತ್ತಿಕೊಂಡು ಬರುತ್ತಿದ್ದ ಹುಡುಗ ಒಮ್ಮೆಲೇ 'ಪೈಲ್ವಾನ' ಆಗುತ್ತಾನೆ. ಕಿರಾಣಿ ಅಂಗಡಿಯವರು, ಸೋದರಮಾವ, ಹಾಲು ಹಾಕುವವರು, ಎಲ್ಲರದೂ ಒಂದೇ ಪ್ರಶ್ನೆ: "ಮುಂದಿನ ಕುಸ್ತಿ ಯಾವಾಗ? ಇದನ್ನೂ ಹೊಡೀತಿ ಹೌದಿಲ್ಲೋ?" ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಹೊಡೆಯುವ ಹುಡುಗಿಗೂ ಇದೇ ಪ್ರಶ್ನೆ, ಬೆಳಗಾವಿಯಲ್ಲಿ ಜುಡೋ ಕಲಿಯುವವಳಿಗೂ ಇದೇ. ಒತ್ತಡ ಶುರುವಾಗುವುದು ಸೋಲಿನಿಂದ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಮೊದಲ ಗೆಲುವಿನ ಮರುದಿನವೇ ಒಳಗೆ ಬಂದಿರುತ್ತದೆ.

ಒತ್ತಡ ಅಂದರೆ ಕಣ್ಣಿಗೆ ಕಾಣದ್ದು ಎಂದು ಬಿಟ್ಟುಬಿಟ್ಟರೆ ಕೈಗೆ ಸಿಗುವುದಿಲ್ಲ. ಮನೆಯ ಮಟ್ಟಿಗೆ ಅದಕ್ಕೆ ನಾಲ್ಕು ರೂಪ: ಎಷ್ಟು ತಾಸು ತಾಲೀಮು, ಎಷ್ಟು ಕಿಲೋ ಇಳಿಸಬೇಕು, ಎಷ್ಟು ರೊಕ್ಕ ಸುರಿದಿದೆ, ಯಾವ ಮಾತು ಕಿವಿಗೆ ಬೀಳುತ್ತಿದೆ. ಮೊದಲಿನ ಮೂರನ್ನು ಬರೆದಿಡಬಹುದು, ನಾಲ್ಕನೆಯದನ್ನು ಮೊದಲೇ ನಿರ್ಧರಿಸಿ ಇಟ್ಟುಕೊಳ್ಳಬಹುದು. 10ರಿಂದ 17 ವರ್ಷದ ಮಕ್ಕಳಿರುವ ಮನೆಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ.

ಮೊದಲು ಒಂದು ನೋಟ್‌ಬುಕ್, ಒಂದು ಕಾಟಾ

ಬೇಕಾಗುವ ಸಾಮಾನು ಕಡಿಮೆ: ನೂರು ಪುಟದ ನೋಟ್‌ಬುಕ್, ಸೆಕೆಂಡ್ ಮುಳ್ಳಿರುವ ಗಡಿಯಾರ, 100 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ಕಾಟಾ. ಕಬ್ಬಿನ ಕಾಟಾ ಮೇಲೆ ನಮಗಿರುವ ಅನುಮಾನ ಮನೆಯ ಕಾಟಾ ಮೇಲೂ ಇರಲಿ. ಒಡೆಯದ 25 ಕಿಲೋ ಅಕ್ಕಿ ಚೀಲ ಇಟ್ಟು ತಿಂಗಳಿಗೊಮ್ಮೆ ಪರೀಕ್ಷಿಸಿ. ಏರುಪೇರಾದ ಫರ್ಸಿಗಲ್ಲಿನ ಮೇಲೆ ಇಟ್ಟರೆ ಒಮ್ಮೆಗೊಂದು ತೂಕ ತೋರಿಸುತ್ತದೆ. ಆದ್ದರಿಂದ ಸಮತಟ್ಟಾದ ಒಂದೇ ಕಲ್ಲನ್ನು ಗುರುತು ಮಾಡಿ, ದಿನವೂ ಅಲ್ಲೇ ಇಡಿ.

ಮುಂಜಾನೆ ಎದ್ದ ಕೂಡಲೇ, ಹಾಸಿಗೆಯಲ್ಲಿರುವಾಗಲೇ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನದೆ, ಚಡ್ಡಿಯಲ್ಲಿ ತೂಕ. ಆಮೇಲೆ ರಾತ್ರಿ ಎಷ್ಟು ತಾಸು ನಿದ್ದೆ, ಎಲ್ಲಿ ನೋವು, ಆ ನೋವು 10ಕ್ಕೆ ಎಷ್ಟು. ಕೊನೆಗೆ ಇವತ್ತು ಹೇಗನ್ನಿಸುತ್ತಿದೆ ಎಂದು ಒಂದೇ ಪದ. ಆ ಪದವನ್ನು ಮಗುವೇ ಬರೆಯಬೇಕು. 'ಬ್ಯಾಸರ' ಎಂದು ಬರೆದರೆ ಅಪ್ಪ ಅದನ್ನು ಹೊಡೆದುಹಾಕಿ 'ಮಸ್ತ್' ಎಂದು ತಿದ್ದಬಾರದು. ಇದು ಆಗುತ್ತದೆ, ಅದಕ್ಕೇ ಹೇಳಬೇಕಾಯಿತು.

ತಾಲೀಮಿನ ಭಾರ ಅಳೆಯುವ ಲೆಕ್ಕ ಸುಲಭ. ತಾಲೀಮು ಮುಗಿದು ಅರ್ಧ ತಾಸಾದ ಮೇಲೆ ಮಗುವನ್ನು ಕೇಳಿ: ಇವತ್ತಿನದು 1ರಿಂದ 10ರೊಳಗೆ ಎಷ್ಟು ಕಠಿಣ ಇತ್ತು? ಆ ಅಂಕಿಯನ್ನು ನಿಮಿಷಕ್ಕೆ ಗುಣಿಸಿ. 90 ನಿಮಿಷ, ಕಠಿಣತೆ 6 ಎಂದರೆ ಆ ದಿನದ ಭಾರ 540, ಆರು ದಿನಕ್ಕೆ 3,240. ಜಿಲ್ಲಾ ಕೂಟ ಹತ್ತಿರ ಬಂತೆಂದು ಮುಂಜಾನೆ 45 ನಿಮಿಷದ ಓಟ ಸೇರಿತು, ಕಠಿಣತೆ 5 ಎಂದಿಟ್ಟುಕೊಳ್ಳಿ. ಆರು ದಿನಕ್ಕೆ ಅದೇ 1,350. ಒಟ್ಟು 4,590 ಆಯಿತು, ಒಂದೇ ವಾರದಲ್ಲಿ ಶೇ 40ಕ್ಕೂ ಮೇಲೆ ಏರಿಕೆ. ಉಸ್ತಾದರಿಗೆ ಅದು 'ಬರೇ ಮುಕ್ಕಾಲು ತಾಸಿನ ಓಟ', ಹುಡುಗನ ಮೊಣಕಾಲಿಗೆ ಹಾಗಲ್ಲ. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಏರಿಸುತ್ತ ಹೋದರೆ ಮೈ ಒಗ್ಗಿಕೊಳ್ಳುತ್ತದೆ.

ನಾಡಿ ಮೂರು ದಿನ ಸತತ ಎಂದಿನದಕ್ಕಿಂತ 8–10 ಬಡಿತ ಹೆಚ್ಚಿದ್ದರೆ ಜ್ವರ ಬರಲಿದೆ, ನಿದ್ದೆ ಸಾಲುತ್ತಿಲ್ಲ, ಇಲ್ಲವೆ ಭಾರ ಹೆಚ್ಚಾಗಿದೆ. ಮೂರರಲ್ಲಿ ಯಾವುದಿದ್ದರೂ ಆ ದಿನ ಜೋಡಿ ಹಚ್ಚಬಾರದು, ಅಂದರೆ ಎದುರಾಳಿಯ ಜೊತೆ ಕುಸ್ತಿಗೆ ಬಿಡಬಾರದು, ಮೈ ಸಡಿಲಿಸುವ ಕಸರತ್ತು ಸಾಕು.

ತಾಸಿನ ಮಿತಿ

ಮಕ್ಕಳ ಕ್ರೀಡಾ ವೈದ್ಯರು ಬಳಸುವ ಒಂದು ಅಳತೆ ನೆನಪಿಡಲು ಸುಲಭ: ವಾರದ ತಾಲೀಮಿನ ತಾಸು ಮಗುವಿನ ವಯಸ್ಸನ್ನು ದಾಟಬಾರದು. 13 ವರ್ಷದವನಿಗೆ 13 ತಾಸು. ಮುಂಜಾನೆ ಒಂದೂವರೆ, ಸಂಜೆ ಎರಡು, ವಾರಕ್ಕೆ ಆರು ದಿನ ಎಂದರೆ 21 ತಾಸು. ನಮ್ಮ ಕಡೆ ಇದು ಸಾಮಾನ್ಯ ವೇಳಾಪಟ್ಟಿ, ಮಿತಿಗಿಂತ ಎಂಟು ತಾಸು ಹೆಚ್ಚು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯ ಪ್ರಕಾರ ವಾರಕ್ಕೆ ಕನಿಷ್ಠ ಒಂದು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು, ಬೇಕಾದರೆ ಒಂದೊಂದೇ ತಿಂಗಳಾಗಿ, ಆ ಆಟದಿಂದ ಪೂರ್ತಿ ಬಿಡುವು ಬೇಕು. ಒಂದೇ ಆಟಕ್ಕೆ ಪೂರ್ತಿ ಕಟ್ಟಿಹಾಕುವುದನ್ನು 15–16 ವರ್ಷದ ತನಕ ಮುಂದೂಡಿ ಎಂಬ ಮಾತೂ ಅದರಲ್ಲಿದೆ.

ಕಾಗದದ ಮೇಲೆ ಒಪ್ಪುವ ಮಾತು. ತೊಡಕಿರುವುದು ನಮ್ಮ ಕ್ಯಾಲೆಂಡರ್‌ನಲ್ಲಿ. ಶಾಲೆ ಶುರುವಾದ ಕೂಡಲೇ ವಲಯ, ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ ಎಂದು ಮೆಟ್ಟಿಲು. ನವರಾತ್ರಿಗೆ ಮೈಸೂರು ದಸರಾ. ಅಲ್ಲಿಗೆ ಮ್ಯಾಟ್ ಮೇಲಿನ ಕುಸ್ತಿ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಅದರ ಬೆನ್ನಿಗೆ ಊರೂರ ಜಾತ್ರೆಗಳ ಮಣ್ಣಿನ ಕುಸ್ತಿ ಬೇಸಿಗೆಯ ತನಕ. ಒಬ್ಬನೇ ಹುಡುಗನಿಗೆ ಎರಡು ಹಂಗಾಮು, ನಡುವೆ ಬಿಡುವಿಲ್ಲ. 16ರೊಳಗಿನವರಿಗೆ ಎರಡರಲ್ಲಿ ಒಂದನ್ನೇ ಆರಿಸಿ ಎಂಬುದು ನಮ್ಮ ಅಭಿಪ್ರಾಯ. ಶಾಲಾ ಕೂಟ, ಕ್ರೀಡಾ ವಸತಿನಿಲಯದ ಆಯ್ಕೆ ಬೇಕೆಂದರೆ ಜಾತ್ರೆಯ ಜೋಡಿ ಬೇಡ. ಏಪ್ರಿಲ್ ನಡುವಿನಿಂದ ಮೇ ನಡುವಿನ ತನಕ ಒಂದು ತಿಂಗಳು ಲಂಗೋಟಿ ಗೂಟಕ್ಕೆ. ಹೇಗೂ ವಿಜಯಪುರದ ಬಿಸಿಲು ಆಗ 40 ಡಿಗ್ರಿ ದಾಟಿರುತ್ತದೆ. ಬಾವಿಯಲ್ಲಿ ಈಜು, ಓಣಿಯಲ್ಲಿ ಕಬಡ್ಡಿ, ಯಾವುದಕ್ಕೂ ತಡೆಯಿಲ್ಲ, ಉಸ್ತಾದರು ನಿಂತು ನೋಡುವ ಆಟ ಒಂದು ಮಾತ್ರ ಬೇಡ.

ಜಾತ್ರೆಗೆ ಇಳಿಸಿಯೇ ತೀರುತ್ತೇವೆ ಎಂದರೆ ಕಮಿಟಿಯವರನ್ನು ಮೊದಲೇ ಕೇಳಿ. ಎದುರಾಳಿಯ ತೂಕ ಎಷ್ಟು? ಅಲ್ಲಿ ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಾರೆ, ಮಕ್ಕಳಲ್ಲಿ 2 ಕಿಲೋಗಿಂತ ಹೆಚ್ಚು ಅಂತರ ಇದ್ದರೆ ಬೇಡ ಎನ್ನಿ. ಚಿತ್ ಆಗುವ, ಅಂದರೆ ಬೆನ್ನು ನೆಲಕ್ಕೆ ಹತ್ತುವ ತನಕವೋ, ವೇಳೆಯ ಮಿತಿ ಇದೆಯೋ? ಆಂಬುಲೆನ್ಸ್ ಎಲ್ಲಿ ನಿಂತಿದೆ? ಕೊನೆಯದು, ಹುಡುಗನ ಮೇಲೆ ಬಾಜಿ ಕಟ್ಟುವವರು ಇದ್ದಾರೆಯೇ? ಇದ್ದರೆ ಅಲ್ಲಿಂದಲೇ ತಿರುಗಿ ಬನ್ನಿ.

ತೂಕ: ಎಲ್ಲಕ್ಕಿಂತ ಹೆಚ್ಚು ಹಾನಿ ಇಲ್ಲೇ

ಅಂತಾರಾಷ್ಟ್ರೀಯ ಕುಸ್ತಿ ಒಕ್ಕೂಟದ 15ರೊಳಗಿನ ಹುಡುಗರ ವಿಭಾಗದಲ್ಲಿ 41, 44, 48, 52, 57 ಕಿಲೋ ಎಂದು ಮೆಟ್ಟಿಲುಗಳಿವೆ. ಶಾಲಾ ಕೂಟದ ಪಟ್ಟಿ ಬೇರೆ ಇರಬಹುದು, ಆ ವರ್ಷದ ಸುತ್ತೋಲೆಯನ್ನು ದೈಹಿಕ ಶಿಕ್ಷಕರ ಹತ್ತಿರ ಕೇಳಿ ಪಡೆಯಿರಿ. 14 ವರ್ಷದ ಹುಡುಗನ ಮುಂಜಾನೆಯ ತೂಕ 46.5 ಇದೆ ಎನ್ನಿ. "44ಕ್ಕ ಇಳಿಸ್ರಿ, ಮೆಡಲ್ ಗ್ಯಾರಂಟಿ" ಎಂಬ ಮಾತು ಬರುತ್ತದೆ. ಎರಡೂವರೆ ಕಿಲೋ ಎಂದರೆ ಅವನ ಮೈಯ ಶೇ 5ಕ್ಕಿಂತ ಹೆಚ್ಚು. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವಾಗಲೇ ಸತ್ತರು. ಆ ನಂತರ ಅಲ್ಲಿ ಬಂದ ನಿಯಮದಂತೆ ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ. ನಮ್ಮ ಹುಡುಗನಿಗೆ ಅದು ವಾರಕ್ಕೆ 700 ಗ್ರಾಂ, ಅಂದರೆ ನಾಲ್ಕು ವಾರದ ಕೆಲಸ. ಅದೂ ಬೆಳೆದು ನಿಂತವರಿಗೆ ಮಾಡಿದ ಲೆಕ್ಕ. 14ರ ಹುಡುಗ ಎತ್ತರ ಏರುವ ವೇಗದಲ್ಲಿರುತ್ತಾನೆ, ಅವನ ಮೈ ತೂಕ ಕೇಳುತ್ತಿರುತ್ತದೆ. ಅದಕ್ಕೆ ತಡೆ ಹಾಕಿದರೆ ಕಳೆದುಕೊಳ್ಳುವುದು ಕೊಬ್ಬನ್ನಲ್ಲ, ಸ್ನಾಯು ಮತ್ತು ನೀರನ್ನು.

ಮನೆಯಲ್ಲಿ ಪಾಲಿಸಲು ಒಂದು ಗೆರೆ ಹಾಕಿಕೊಳ್ಳಿ. ಹೆಸರು ಕೊಡುವ ಮೊದಲಿನ 14 ದಿನದ ಮುಂಜಾನೆ ತೂಕವನ್ನು ಕೂಡಿ 14ರಿಂದ ಭಾಗಿಸಿ. ಬಂದ ಸರಾಸರಿ ಕೆಳಗಿನ ವರ್ಗಕ್ಕಿಂತ ಶೇ 2ರಷ್ಟು ಮೇಲಿದ್ದರೆ, ಅಂದರೆ 44ರ ವರ್ಗಕ್ಕೆ 44.9 ದಾಟಿದ್ದರೆ, ಮೇಲಿನ ವರ್ಗಕ್ಕೇ ಬರೆಸಿ. ಇದನ್ನು ಅರ್ಜಿ ತುಂಬುವ ಮೊದಲೇ ಉಸ್ತಾದರಿಗೆ ತಿಳಿಸಬೇಕು. ತೂಕ ಹಾಕುವ ದಿನ ಜಗಳ ತೆಗೆದರೆ ಸಿಕ್ಕಿಹಾಕಿಕೊಳ್ಳುವವನು ಹುಡುಗ.

ಕೊನೆಯ ಎರಡು ದಿನ ನಡೆಯುವ ಕಸರತ್ತು ಎಲ್ಲರಿಗೂ ಗೊತ್ತು: ಮೈಗೆ ಪ್ಲಾಸ್ಟಿಕ್ ಸುತ್ತಿ ಮೇಲೆ ಜರ್ಕಿನ್ ಹಾಕಿ ಬಿಸಿಲಲ್ಲಿ ಓಡುವುದು, ನೀರು ಬಿಡುವುದು, ಉಗುಳುತ್ತ ಕೂರುವುದು, ಯಾರೋ ಕೊಟ್ಟ 'ಮೂತ್ರದ ಗುಳಿಗೆ' ನುಂಗುವುದು. ಇದರಿಂದ ಇಳಿಯುವುದು ನೀರು ಮಾತ್ರ. ಮೈಯ ಶೇ 2ರಷ್ಟು ನೀರು ಹೋದರೇ ದಮ್ಮು ಕುಗ್ಗುತ್ತದೆ. ರಕ್ತ ದಪ್ಪಗಾಗಿ ಎದೆ ಜೋರಾಗಿ ಬಡಿಯುತ್ತದೆ, ಬೆವರು ನಿಂತರೆ ಮೈಯ ಬಿಸಿ ಹೊರಹೋಗಲು ದಾರಿಯೇ ಇಲ್ಲ. ಮೂತ್ರದ ಗುಳಿಗೆಯಿಂದ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪಬಹುದು. ಆ ಗುಳಿಗೆ ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲೂ ಇದೆ, ಕೂಟ ಇದ್ದಾಗ ಮಾತ್ರವಲ್ಲ, ವರ್ಷಪೂರ್ತಿ.

ಮೊದಲು ಸಂಜೆ ತೂಕ ಹಾಕಿ ರಾತ್ರಿಯೆಲ್ಲ ಉಂಡು ಮರುದಿನ ಆಡುತ್ತಿದ್ದರು. 2018ರಿಂದ ಅಂತಾರಾಷ್ಟ್ರೀಯ ಕುಸ್ತಿಯಲ್ಲಿ ಆಡುವ ದಿನದ ಮುಂಜಾನೆಯೇ ತೂಕ, ಕುಸ್ತಿ ಎರಡನೇ ದಿನಕ್ಕೆ ಹೋದರೆ ಮತ್ತೊಮ್ಮೆ ತೂಕ. ವಿನೇಶ್ ಫೋಗಟ್ 2024ರ ಪ್ಯಾರಿಸ್‌ನಲ್ಲಿ ಮೊದಲ ದಿನ ಮೂರು ಕುಸ್ತಿ ಗೆದ್ದು, ಮರುದಿನ ಮುಂಜಾನೆ 50 ಕಿಲೋ ಮೇಲೆ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡದ್ದು ಹೀಗೆ. ವೈದ್ಯರು, ಪೋಷಣಾ ತಜ್ಞರು ಜೊತೆಗಿದ್ದ ಒಲಿಂಪಿಕ್ ಪಟುವಿನ ಕಥೆ ಅದು. ಎಂಟನೇ ಇಯತ್ತೆಯ ಹುಡುಗನ ಜೊತೆ ಇರುವುದು ಒಂದು ಟವೆಲ್ ಚೀಲ.

ತೂಕ ಮುಗಿದ ಮೇಲೆ ಮೊದಲು ನೀರು, ಆಮೇಲೆ ಊಟ. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಯಬೇಕು. ಬಾಳೆಹಣ್ಣು, ಚಪಾತಿಗೆ ಬೆಲ್ಲ, ಅವಲಕ್ಕಿ ಆಗುತ್ತದೆ. ತುಪ್ಪದ ಹೋಳಿಗೆ, ಬದಾಮಿ ಹಾಲು ಆ ಹೊತ್ತಿಗೆ ಬೇಡ, ಕಣದಲ್ಲಿ ವಾಂತಿಯಾಗುತ್ತದೆ.

ದಿನನಿತ್ಯದ ಖುರಾಕಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 40 ಕಿಲೋ ಹುಡುಗನಿಗೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಧಾರಾಳ. ಎರಡು ತತ್ತಿ 12, ಅರ್ಧ ಲೀಟರ್ ಹಾಲು 16, ಒಂದು ಮುಷ್ಟಿ ಶೇಂಗಾ ಅಂದರೆ 50 ಗ್ರಾಂ 12, ಒಂದು ಬಟ್ಟಲು ಮಡಕಿ ಅಥವಾ ಹೆಸರುಕಾಳಿನ ಪಲ್ಯ 12, ನಾಲ್ಕು ಜೋಳದ ರೊಟ್ಟಿ 16. ಒಟ್ಟು 68 ಆಯಿತು. ತತ್ತಿ ತಿನ್ನದ ಮನೆಯಲ್ಲಿ ಹಾಲು, ಮೊಸರು ಸ್ವಲ್ಪ ಏರಿಸಿದರೆ ಮುಗಿಯಿತು. ಮೂರು ಸಾವಿರ ರೂಪಾಯಿ ಡಬ್ಬಿಯ ಪುಡಿ ಬೇಡ. ಅದರಲ್ಲಿ ಏನು ಬೆರೆತಿದೆಯೋ ಚೀಟಿಯಲ್ಲಿ ಇರುವುದಿಲ್ಲ, ಪರೀಕ್ಷೆಯಲ್ಲಿ ಸಿಕ್ಕರೆ 'ನನಗೆ ಗೊತ್ತಿರಲಿಲ್ಲ' ಎಂಬುದಕ್ಕೆ ಬೆಲೆ ಕಡಿಮೆ.

ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು ಕಾಲಂ ಬೇಕು: ಮುಟ್ಟಿನ ದಿನಾಂಕ. ಮೊದಲು ಸರಿಯಾಗಿ ಆಗುತ್ತಿದ್ದದ್ದು ಮೂರು ತಿಂಗಳು ನಿಂತರೆ, ಇಲ್ಲವೆ 15 ತುಂಬಿದರೂ ಶುರುವಾಗದಿದ್ದರೆ, ಅನ್ನ ಕಡಿಮೆ, ತಾಲೀಮು ಹೆಚ್ಚು ಎಂದು ಮೈ ಹೇಳುತ್ತಿರಬಹುದು. 'ಆಡೋ ಹುಡುಗ್ಯಾರಿಗೆ ಹಂಗ ಆಗ್ತದ' ಎಂದು ಬಿಡಬೇಡಿ. ಆ ಸ್ಥಿತಿಯಲ್ಲಿ ಮೂಳೆ ಸವೆಯುತ್ತದೆ, ಓಟದಲ್ಲಿ ಕಾಲಿನ ಮೂಳೆಗೆ ಕೂದಲೆಳೆಯ ಬಿರುಕು ಬರುತ್ತದೆ. ಮಹಿಳಾ ವೈದ್ಯರಿಗೆ ತೋರಿಸಿ. ಹುಡುಗಿಯ ತೂಕವನ್ನು ಎಲ್ಲರೆದುರು ಕೂಗಿ ಹೇಳುವ ರೂಢಿ ಇದ್ದರೆ ಅದನ್ನು ನಿಲ್ಲಿಸಲು ಹೇಳಿ.

ಸೈಕಲ್ ಮತ್ತು ರೊಕ್ಕ

ಸೈಕ್ಲಿಂಗ್‌ನಲ್ಲಿ ಒತ್ತಡ ಅಂಗಡಿಯಿಂದ ಬರುತ್ತದೆ. ಪಕ್ಕದ ಹುಡುಗನ ಕಾರ್ಬನ್ ಸೈಕಲ್ ನೋಡಿ ಲಕ್ಷ ದಾಟಿದ ಸಾಲ ಮಾಡುವ ಮನೆಗಳಿವೆ. ಎತ್ತರ ಏರುವ ವರ್ಷಗಳಲ್ಲಿ ಹುಡುಗರು ವರ್ಷಕ್ಕೆ 8–9 ಸೆಂಟಿಮೀಟರ್ ತನಕ ಬೆಳೆಯಬಹುದು. ಈ ವರ್ಷದ ಫ್ರೇಮ್ ಎರಡು ವರ್ಷಕ್ಕೆ ಚಿಕ್ಕದು. ಹಿರಿಯ ಸೈಕ್ಲಿಸ್ಟ್‌ಗಳ ಅಲ್ಯೂಮಿನಿಯಂ ಸೈಕಲ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು, ಉಳಿದ ದುಡ್ಡನ್ನು ಟೈರ್, ಬ್ರೇಕ್ ಪ್ಯಾಡ್, ಒಳ್ಳೆಯ ಹೆಲ್ಮೆಟ್‌ಗೆ ಹಾಕುವುದು ಲೇಸು.

ಸೀಟಿನ ಎತ್ತರ ತಪ್ಪಿದ್ದರೆ ಸೈಕಲ್ ಎಷ್ಟು ತುಟ್ಟಿಯಾದರೇನು. ಗೋಡೆಗೆ ಬೆನ್ನು ಹಚ್ಚಿ ಬರಿಗಾಲಲ್ಲಿ ನಿಲ್ಲಿಸಿ, ತೊಡೆಸಂದಿಗೆ ಗಟ್ಟಿಯಾಗಿ ಒಂದು ಪುಸ್ತಕ ಹಿಡಿಸಿ, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. 70 ಸೆಂಟಿಮೀಟರ್ ಇದ್ದರೆ 61.8. ಎರಡೂ ಪೆಡಲ್‌ಗಳ ತೋಳು ಸೇರುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಇದು ಅಂದಾಜಿನ ಎತ್ತರ, ಅಲ್ಲಿಂದ ಒಂದೆರಡು ಮಿಲಿಮೀಟರ್‌ನಂತೆ ಸರಿಮಾಡಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚಾಗಿ ಕೆಳಗಿರುತ್ತದೆ, ಹಿಂಭಾಗ ನೋಯುತ್ತಿದ್ದರೆ ಮೇಲೆ. ಎರಡು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. 'ನೋವು ಅಂತ ನಾಟಕ ಮಾಡ್ತಾನ' ಎಂದು ಬೈಸಿಕೊಂಡವರಲ್ಲಿ ಸೀಟು ಏರಿಸದೆ ಆರು ತಿಂಗಳು ಓಡಿಸಿದವರು ಕಡಿಮೆಯಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ಮುಟ್ಟಿದರೆ ನೋಯುತ್ತಿದ್ದರೆ ಅದು ಬೆಳೆಯುವ ಮೂಳೆಯ ತೊಂದರೆ. ಭಾರ ಇಳಿಸಿದರೆ ಬಹುಪಾಲು ತಾನೇ ಕಡಿಮೆಯಾಗುತ್ತದೆ, ಜಿದ್ದಿಗೆ ಬಿದ್ದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ಕಬ್ಬು ನುರಿಸುವ ಹಂಗಾಮಿನಲ್ಲಿ, ನವೆಂಬರ್‌ನಿಂದ ಮುಂದೆ, ಮುಧೋಳ, ಜಮಖಂಡಿ, ಅಥಣಿ ರಸ್ತೆಗಳಲ್ಲಿ ನಸುಕಿನ ತಾಲೀಮು ಬೇಡವೇ ಬೇಡ. ಹಿಂದೆ ದೀಪವಿಲ್ಲದೆ ನಿಂತ ಟ್ರೇಲರ್ ಕಣ್ಣಿಗೆ ಬೀಳುವಷ್ಟರಲ್ಲಿ ಬ್ರೇಕ್ ಹಿಡಿಯಲು ಜಾಗ ಇರುವುದಿಲ್ಲ. ಬೆಳಕು ಹರಿದ ಮೇಲೆ, ಹಿಂದೊಂದು ಬೈಕ್ ಇಟ್ಟುಕೊಂಡು ಹೋಗಲಿ.

ಖರ್ಚಿನ ಪುಟವನ್ನು ಬೇರೆ ಇಡಿ, ಮಗುವಿಗೆ ಅದು ಕಾಣಬೇಕಿಲ್ಲ. ವರ್ಷದ ಆರಂಭದಲ್ಲಿ ಕೂತು, ಮೆಡಲ್ ಒಂದೂ ಬರದಿದ್ದರೂ ನೋವಾಗದಷ್ಟು ದುಡ್ಡು ಎಷ್ಟು ಎಂದು ಗಂಡ ಹೆಂಡತಿ ನಿರ್ಧರಿಸಿ ಬರೆಯಿರಿ. ಅದಕ್ಕಿಂತ ಮೇಲೆ ಹೋಗಲು ಹೊಲ ಒತ್ತಿ ಇಡುವುದು, ಬಂಗಾರ ಇಡುವುದು, ಸಂಘದಲ್ಲಿ ಸಾಲ ತೆಗೆಯುವುದು ಬೇಡ. ಸಾಲದ ಕಂತು ತುಂಬುವ ದಿನ ಸೋತು ಬಂದ ಮಗುವಿನ ಮುಂದೆ ಯಾರ ಬಾಯಿಂದಲೂ ಒಳ್ಳೆಯ ಮಾತು ಬರುವುದಿಲ್ಲ. ಸತ್ಕಾರದ ವೇದಿಕೆಯಲ್ಲಿ ಘೋಷಿಸಿದ ಸಹಾಯವನ್ನು ಕೈಗೆ ಬಂದ ಮೇಲೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇನಾಮಿನ ದುಡ್ಡು ಮಗುವಿನ ಖಾತೆಗೆ ಹೋಗಲಿ, 10 ವರ್ಷ ದಾಟಿದವರ ಹೆಸರಲ್ಲೇ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆಗೆಯಬಹುದು.

ವಯಸ್ಸು ಕಡಿಮೆ ಮಾಡಿಸುವ ಸಲಹೆ ಬಂದಾಗ

ಬೇಡ. ಮಣಿಕಟ್ಟಿನ ಎಕ್ಸ್-ರೇ ನೋಡಿ ಮೂಳೆಯ ವಯಸ್ಸು ಅಂದಾಜಿಸುವ ಪರೀಕ್ಷೆ ಇದೆ, ಆಧಾರ್ ಮತ್ತು ಶಾಲೆಯ ದಾಖಲೆ ತಾಳೆಯಾಗದೆಯೂ ಸಿಕ್ಕಿಬೀಳುತ್ತಾರೆ. ಅದಕ್ಕಿಂತ ದೊಡ್ಡ ಭಾರ ಎಂದರೆ, ಯಾರಾದರೂ "ಎಷ್ಟನೇ ಇಯತ್ತೆ?" ಎಂದು ಕೇಳಿದಾಗಲೆಲ್ಲ ಮಗು ಸುಳ್ಳನ್ನು ನೆನಪಿಟ್ಟುಕೊಂಡೇ ಉತ್ತರಿಸಬೇಕು.

ವಸತಿನಿಲಯಕ್ಕೆ ಕಳಿಸುವ ಮೊದಲು

ಕ್ರೀಡಾ ಇಲಾಖೆಯ ವಸತಿನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ, ಗಡಿಯಾಚೆ ಕೊಲ್ಹಾಪುರದ ತಾಲೀಮುಗಳು, ಎಲ್ಲಿಗೇ ಕಳಿಸುವುದಿದ್ದರೂ ಒಮ್ಮೆ ಹೇಳದೆ ಕೇಳದೆ ಸಂಜೆ ಹೊತ್ತಿಗೆ ಹೋಗಿ ನೋಡಿ. ಅಡುಗೆಮನೆ ನೋಡಿ, ಸಂಡಾಸು ನೋಡಿ. ಜ್ವರ ಬಂದವರನ್ನು ಎಲ್ಲಿ ಮಲಗಿಸುತ್ತಾರೆ, ರಾತ್ರಿ ಕಾವಲು ಯಾರದು, ಹುಡುಗಿಯರ ಕಡೆ ಮಹಿಳಾ ವಾರ್ಡನ್ ಅಲ್ಲೇ ಮಲಗುತ್ತಾರೆಯೇ, ಕೂಟಕ್ಕೆ ಹೊರಗೂರಿಗೆ ಹೋದಾಗ ಜೊತೆಗೆ ಹೆಂಗಸರು ಯಾರು ಇರುತ್ತಾರೆ ಎಂದು ಕೇಳಿ. ಕಳೆದ ವರ್ಷ ನಡುವೆ ಬಿಟ್ಟು ಹೋದವರು ಎಷ್ಟು ಮಂದಿ, ಯಾಕೆ ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಬಹಳ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಬೇಕು, ಕೂಟಕ್ಕೆ ಹೋದ ದಿನಗಳಿಗೆ ಶಾಲೆಗೆ ಪತ್ರ ಕೊಡುವವರು ಯಾರು ಎಂಬುದೂ ತಿಳಿದಿರಲಿ.

ಫೋನ್ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತೇ ಇರುತ್ತಾರೆ. ಆದ್ದರಿಂದ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು ಗೊತ್ತು ಮಾಡಿಕೊಳ್ಳಿ. "ಅವ್ವಾ, ಎಮ್ಮಿ ಕರ ಹಾಕೇತೇನು?" ಎಂದು ಮಗ ಕೇಳಿದರೆ ಮರುದಿನದ ಮೊದಲ ಬಸ್ಸಿಗೆ ಹೊರಡಬೇಕು, ಫೋನಿನಲ್ಲಿ ಕಾರಣ ಕೇಳಬಾರದು. ಮನೆಯಲ್ಲಿ ಎಮ್ಮೆ ನಿಜವಾಗಿ ಗಬ್ಬ ಇದ್ದರೆ ಬೇರೆ ಮಾತು ಆರಿಸಿ.

ಬೆತ್ತ, ಬೆಲ್ಟಿನ ಏಟನ್ನು 'ಉಸ್ತಾದರ ಪ್ರಸಾದ' ಎನ್ನುವ ಹಳೆಯ ರೂಢಿ ಇನ್ನೂ ಸತ್ತಿಲ್ಲ. ಕಾನೂನಿನ ಕಣ್ಣಿನಲ್ಲಿ ಅದು ಮಕ್ಕಳ ಮೇಲಿನ ಕ್ರೌರ್ಯ. ಮೈ ಮುಟ್ಟಿ ಹಿಡಿತ ಕಲಿಸುವ ಆಟವಾದ್ದರಿಂದ ಯಾವ ಮುಟ್ಟುವಿಕೆ ಪಟ್ಟು ಕಲಿಸಲು, ಯಾವುದು ಅಲ್ಲ ಎಂದು ಮಗುವಿಗೆ ಬಿಡಿಸಿ ಹೇಳಿರಬೇಕು. ಎರಡನೆಯದಾದರೆ ಅದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಮಾತು

ಕಣದ ಅಂಚಿನಿಂದ ಅಪ್ಪ "ಕಾಲ ಹಿಡಿ, ಕಾಲ ಹಿಡಿ" ಎಂದು ಕೂಗುತ್ತಾನೆ, ಉಸ್ತಾದರು "ಹಿಂದಕ್ಕ ಸರಿ" ಎನ್ನುತ್ತಾರೆ. ಹುಡುಗ ಅರೆ ಕ್ಷಣ ನಿಲ್ಲುತ್ತಾನೆ, ಎದುರಾಳಿಗೆ ಅಷ್ಟು ಸಾಕು. ಮಗುವಿನ ಕಣ್ಣಿಗೆ ಬೀಳದ ಕಡೆ, ಉಸ್ತಾದರ ಬೆನ್ನ ಹಿಂದೆ ದೂರದಲ್ಲಿ ಕೂರಿ. ಚಪ್ಪಾಳೆ ಹೊಡೆಯಿರಿ, ಪಟ್ಟು ಹೇಳಬೇಡಿ. ವಿಡಿಯೊ ತೆಗೆದರೆ ತೆಗೆಯಿರಿ, ಆ ದಿನ ಊರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಸೋತದ್ದನ್ನು ಹಾಕುವುದಾದರೆ ಮಗುವನ್ನು ಕೇಳಿ.

ತಿರುಗಿ ಬರುವ ದಾರಿಯೇ ಎಲ್ಲಕ್ಕಿಂತ ಕಷ್ಟದ ಹೊತ್ತು. ಮೈಸೂರಿನಲ್ಲಿ ಮೊದಲ ಸುತ್ತಿಗೇ ಸೋತ ಹುಡುಗನಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ವಿಜಯಪುರದ ತನಕ ಒಂದು ಇಡೀ ರಾತ್ರಿಯ ಪ್ರಯಾಣ, ಎದ್ದು ಹೋಗಲು ಜಾಗವಿಲ್ಲ. ಆಗ ಶುರುವಾಗುವ 'ಮೂರನೇ ನಿಮಿಷದಾಗ ಹಂಗ್ಯಾಕ ಮಾಡಿದಿ' ಎಂಬ ವಿಚಾರಣೆ ಸೋಲಿಗಿಂತ ಹೆಚ್ಚು ಕಾಲ ನೆನಪಿರುತ್ತದೆ. 24 ತಾಸು ಕುಸ್ತಿಯ ಮಾತು ಎತ್ತಬಾರದು ಎಂಬ ನಿಯಮ ಹಾಕಿಕೊಳ್ಳಿ. ಮಗುವೇ ಎತ್ತಿದರೆ ಕೇಳಿಸಿಕೊಳ್ಳಿ. ಮೊದಲ ಮಾತು ಯಾವುದು ಎಂದು ಮೊದಲೇ ಗೊತ್ತಿರಲಿ: "ಹಸಿವಿ ಆಗೇತೇನ ತಮ್ಮಾ?" ಗೆದ್ದ ದಿನವೂ ಅದೇ ಮಾತು, ಅದೇ ದನಿಯಲ್ಲಿ. ಗೆದ್ದಾಗ ಖಾನಾವಳಿ, ಸೋತಾಗ ಸ್ಟೇಷನ್ ಚಹಾ ಎಂದಾದರೆ ಮಗು ಲೆಕ್ಕ ಹಾಕಿಬಿಡುತ್ತದೆ.

ಬಾಯಿಗೆ ಬರದಂತೆ ತಡೆಯಬೇಕಾದ ಮಾತುಗಳೂ ಇವೆ. "ನಿನ್ನ ಸಲುವಾಗಿ ಎಷ್ಟ ಖರ್ಚ ಮಾಡೇವಿ ಗೊತ್ತೈತೇನು", "ಅವ್ನ ನೋಡು, ನಿನಗಿಂತ ಸಣ್ಣಾಂವ", "ಮಂದಿಗೆ ಏನಂತ ಮಾರಿ ತೋರ್ಸಲಿ". ಅಜ್ಜ, ಕಾಕಾಗಳಿಗೂ ಇದನ್ನು ಮೊದಲೇ ಹೇಳಿಡಿ. ಹೇಳಿದರೂ ಅಜ್ಜ ಕೇಳುವುದಿಲ್ಲ, ಆಗ ಮಗುವನ್ನು ಹಾಲು ತರಲು ಕಳಿಸಿ.

ಮೈಯ ಸಣ್ಣಪುಟ್ಟದ್ದು, ಸಣ್ಣಪುಟ್ಟದ್ದಲ್ಲದ್ದು

ಗಜಕರ್ಣಕ್ಕೆ ಮೆಡಿಕಲ್ ಅಂಗಡಿಯ ಸ್ಟೆರಾಯ್ಡ್ ಬೆರೆತ ಟ್ಯೂಬ್ ಹಚ್ಚಬೇಡಿ. ಎರಡು ದಿನ ಮಾಯವಾದಂತೆ ಕಂಡು ದುಪ್ಪಟ್ಟಾಗಿ ಮರಳುತ್ತದೆ. ಚರ್ಮದ ವೈದ್ಯರು ಕೊಟ್ಟ ಔಷಧಿ ಶುರುವಾಗಿ ಕನಿಷ್ಠ ಮೂರು ದಿನ ಮ್ಯಾಟ್ ಬೇಡ, ತಲೆಯಲ್ಲಿದ್ದರೆ 14 ದಿನ. ಕಿವಿ ಊದಿ ಮೆತ್ತಗಾದರೆ ಒಂದೆರಡು ದಿನದಲ್ಲಿ ವೈದ್ಯರು ರಕ್ತ ತೆಗೆದು ಕಟ್ಟು ಹಾಕಬೇಕು, ಬಿಟ್ಟರೆ ಹಾಗೇ ಗಟ್ಟಿಯಾಗುತ್ತದೆ. ಮುರಿದ ಕಿವಿ ಪೈಲ್ವಾನನ ಗುರುತು ಎಂದು ಹೆಮ್ಮೆಪಡುವವರು ದೊಡ್ಡವರಾದ ಮೇಲೆ ಪಡಲಿ.

ತಲೆಗೆ ಪೆಟ್ಟು ಬಿದ್ದು ಗೊಂದಲ, ತಲೆಸುತ್ತು, ಮಂಕು ಕಂಡರೆ ಆ ದಿನ ಮತ್ತೆ ಕಣಕ್ಕಿಲ್ಲ, ಫೈನಲ್ ಇದ್ದರೂ ಇಲ್ಲ. ವಾಂತಿ ಮರುಕಳಿಸಿದರೆ, ಎಬ್ಬಿಸಿದರೂ ಏಳದಂಥ ನಿದ್ದೆ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ ನೇರ ಆಸ್ಪತ್ರೆಗೆ.

ಹೆಚ್ಚಾಯಿತು ಎಂದು ತಿಳಿಯುವುದು ಹೇಗೆ

ತಾಲೀಮಿನ ದಿನ ಮಾತ್ರ ಹೊಟ್ಟೆನೋವು, ರವಿವಾರ ಇಲ್ಲ. ಗಾಯ ಮಾಯುವ ಮೊದಲೇ ಇನ್ನೊಂದು ಗಾಯ. ಪಂಕ್ತಿಯಲ್ಲಿ ಕೂತು ಉಣ್ಣದೆ ತಟ್ಟೆ ಒಳಗೆ ಒಯ್ಯುವುದು. ನೋಟ್‌ಬುಕ್ಕಿನಲ್ಲಿ ಎರಡು ವಾರ 'ಬ್ಯಾಸರ' ಎಂಬ ಒಂದೇ ಪದ. ಇವುಗಳಲ್ಲಿ ಎರಡು ಕಂಡರೆ 14 ದಿನ ಪೂರ್ತಿ ಬಿಡುವು ಕೊಡಿ, 'ಬಿಡಿಸಿದ್ದೇವೆ' ಎನ್ನಬೇಡಿ, 'ಸೂಟಿ' ಎನ್ನಿ. ಆಮೇಲೆ ಅರ್ಧ ಭಾರದಿಂದ ಶುರು. ಬಿಡುವಿನಲ್ಲೂ ನಿದ್ದೆ, ಊಟ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯುವ ಮಾತು ಬಂದರೆ 14 ದಿನ ಕಾಯಬೇಡಿ, ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಉಸ್ತಾದರ ಜೊತೆ ಮಾತಾಡುವುದಿದ್ದರೆ ತಾಲೀಮಿನ ನಡುವೆ, ಬೇರೆ ಹುಡುಗರ ಮುಂದೆ ಬೇಡ. ತಾಲೀಮಿಲ್ಲದ ದಿನ ಮನೆಗೆ ಚಹಾಕ್ಕೆ ಕರೆಯಿರಿ. ನೋಟ್‌ಬುಕ್ ಮುಂದಿಟ್ಟು, "ಉಸ್ತಾದ್ರ, ಈ ವಾರ 4,590 ಆಗೇತ್ರಿ, ಹ್ವಾದ ವಾರ 3,240 ಇತ್ತು, ಮುಂಜಾನಿ ಓಟ ಎರಡ ದಿನಕ್ಕ ಇಳಿಸೋಣೇನ್ರಿ?" ಎಂದು ಅಂಕಿಯಿಂದಲೇ ಶುರುಮಾಡಿ. 'ನೀವು ನನ್ನ ಮಗನನ್ನು ಸಾಯಿಸುತ್ತಿದ್ದೀರಿ' ಎಂದರೆ ಅವರು ಎದ್ದು ಹೋಗುತ್ತಾರೆ. ಅಂಕಿ ಕಂಡರೆ ಹೆಚ್ಚಿನವರು ಕೂತು ಲೆಕ್ಕ ಹಾಕುತ್ತಾರೆ. ಮೂರು ಸಲ ತೋರಿಸಿದರೂ ಪುಟ ತಿರುಗಿಸಿ ನೋಡದವರಿದ್ದರೆ ಬೇರೆ ಗರಡಿ ಹುಡುಕಿ.

16 ತುಂಬಿದ ದಿನ ನೋಟ್‌ಬುಕ್ಕನ್ನು ಮಗುವಿನ ಕೈಗೆ ಕೊಡಿ. ಅಂದಿನಿಂದ ತೂಕ, ನಾಡಿ, ಭಾರ ಅವನೇ ಬರೆಯಲಿ, ಯಾವ ವರ್ಗಕ್ಕೆ ಹೆಸರು ಕೊಡಬೇಕೆಂದು ಅವನೇ ಲೆಕ್ಕ ಹಾಕಿ ತೋರಿಸಲಿ. ಶೇ 2ರ ಗೆರೆ ದಾಟಿದ್ದರೆ ಮಾತ್ರ ಅರ್ಜಿಗೆ ಸಹಿ ಹಾಕಬೇಡಿ.